ಸಪೂರ ಬುಡದ ಬಾಟ್ಲಿ

ಆಗ ಆಸ್ಪತ್ರೆಗೆ ಬರುವವರು ಬಾಟ್ಲಿಯನ್ನು ಮನೆಯಿಂದಲೇ ತರಬೇಕಿತ್ತು. ಮದ್ದು ಆಸ್ಪತ್ರೆಯದ್ದು, ಬಾಟ್ಲಿ ಅವರವರದ್ದು. ತಲೆಗೆ ಹಾಕುವ ಎಣ್ಣೆಯ ಬಾಟ್ಲಿ, ಶರಬತ್ತಿನ ಬಾಟ್ಲಿ, ಇನ್ನೂ ಸಾರಾಯಿಯ ವಾಸನೆ ಹೋಗದ ಬಾಟ್ಲಿ, ಎಲ್ಲವೂ ಬರುತ್ತಿದ್ದವು. ಕಂಪೌಂಡರರು ಅದರೊಳಗೆ ಮಿಕ್ಸ್ಚರ್ ತುಂಬಿಸಿ ಹೊರಗೆ ಒಂದು ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಪಟ್ಟಿಯ ಅಂಚಿನಲ್ಲಿ ಕಚ್ಚುಗಳಿರುತ್ತಿದ್ದವು. ಒಂದು ಕಚ್ಚಿನಿಂದ ಮುಂದಿನ ಕಚ್ಚಿನವರೆಗೆ ಒಂದು ಹೊತ್ತಿನ ಮದ್ದು. ಓದು ಬಾರದವರಿಗೂ ಅದು ತಿಳಿಯುತ್ತಿತ್ತು.

ಆ ಪಟ್ಟಿಗಳನ್ನು ಕತ್ತರಿಸುತ್ತಿದ್ದವಳು ನಾನು. ನನ್ನ ಗಂಡ ಹೊಸಂಗಡಿಯಿಂದ ಸ್ವಲ್ಪ ಒಳಗಿದ್ದ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಂಪೌಂಡರರಾಗಿದ್ದರು. ಮಧ್ಯಾಹ್ನ ಊಟಕ್ಕೆ ಬರುವಾಗ ಬಿಳಿ ಕಾಗದದ ಹಾಳೆಗಳನ್ನು ತರುತ್ತಿದ್ದರು. ಜಗಲಿಯಲ್ಲಿ ಕೂತು ನಾನು ಅವುಗಳನ್ನು ಮಡಚಿ, ಅಂಚಿಗೆ ಕತ್ತರಿ ಹಾಕಿ ಬಿಡಿಸುತ್ತಿದ್ದೆ. ಮೈದಾದ ಅಂಟಿಗೆ ಒಂದು ಚಿಟಿಕೆ ಮೈಲುತುತ್ತು ಹಾಕಿ ಕಲಸುವುದೂ ನನ್ನದೇ ಕೆಲಸ. ತುತ್ತು ಹಾಕದಿದ್ದರೆ ಜಿರಲೆಗಳು ಪಟ್ಟಿಯನ್ನು ತಿಂದುಬಿಡುತ್ತಿದ್ದವು.

ಎಲ್ಲ ಬಾಟ್ಲಿಗೂ ಒಂದೇ ಪಟ್ಟಿ ಆಗುವುದಿಲ್ಲ. ಇದನ್ನು ಅವರು ನನಗೆ ಎಷ್ಟು ಸಲ ತೋರಿಸಿದ್ದರೋ. ನೆಟ್ಟಗಿನ ಬಾಟ್ಲಿಗೆ ಕಾಗದವನ್ನು ಸಮನಾಗಿ ಮಡಚಿ ಕತ್ತರಿಸಿದರೆ ಸಾಕು. ಬುಡ ಸಪೂರ, ಮೇಲೆ ಅಗಲ ಇರುವ ಬಾಟ್ಲಿಗೆ ಅದನ್ನೇ ಅಂಟಿಸಿದರೆ ಮೇಲಿನ ಕಚ್ಚುಗಳ ನಡುವೆ ಮದ್ದು ಹೆಚ್ಚು ನಿಲ್ಲುತ್ತದೆ, ಕೆಳಗೆ ಕಡಿಮೆ. ಅಂಥ ಬಾಟ್ಲಿ ಬಂದರೆ ಅವರು ತಮ್ಮ ಔನ್ಸ್ ಗ್ಲಾಸಿನಿಂದ ಅಳೆದಳೆದು ನೀರು ಹಾಕಿ, ಪ್ರತಿ ಸಲವೂ ನೀರು ನಿಂತ ಮಟ್ಟಕ್ಕೆ, ಬದಿಗೆ ಹಿಡಿದ ಕಾಗದದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಆ ಗೆರೆಗಳಿಗೆ ಸರಿಯಾಗಿ ನಾನು ಕಚ್ಚು ಹಾಕುತ್ತಿದ್ದೆ. ಕೆಳಗಿನ ಕಚ್ಚುಗಳು ದೂರ ದೂರ, ಮೇಲಕ್ಕೆ ಹೋದಂತೆ ಹತ್ತಿರ ಹತ್ತಿರ. ಆಸ್ಪತ್ರೆಯ ಗ್ಲಾಸಿನ ಗೆರೆಗಳು ಸವೆದಿದ್ದವೆಂದು ಅವರು ತಮ್ಮದೇ ಒಂದು ಗ್ಲಾಸು ತರಿಸಿಕೊಂಡಿದ್ದರು. ಅದನ್ನು ದಿನಾ ಜೇಬಿನಲ್ಲಿ ಕರವಸ್ತ್ರ ಸುತ್ತಿ ಒಯ್ಯುತ್ತಿದ್ದರು, ಸಂಜೆ ಮನೆಗೆ ತರುತ್ತಿದ್ದರು.

ಯುದ್ಧ ಮುಗಿದ ಮೇಲಿನ ಎರಡನೇ ಮಳೆಗಾಲದಲ್ಲಿ ಅವರಿಗೆ ಟೈಫಾಯ್ಡ್ ಬಂತು. ಮೂರು ವಾರ ಮಲಗಿದರು. ನಾಲ್ಕನೇ ವಾರ ಮನೆಯಲ್ಲಿ ನಾನು ಒಬ್ಬಳೇ ಇದ್ದೆ. ನಮಗೆ ಮಕ್ಕಳಿರಲಿಲ್ಲ. ಪೈವಳಿಕೆಯ ತವರಿನಿಂದ ಅಣ್ಣ ಬಂದು ಕರೆದ. ಹೋಗಲಿಲ್ಲ. ಯಾಕೆಂದು ಆಗ ಹೇಳಲು ನನಗೆ ಗೊತ್ತಾಗಲಿಲ್ಲ. ಆ ಮನೆಯ ಜಗಲಿಯಲ್ಲಿ ಕತ್ತರಿಸಿ ಇಟ್ಟ ಪಟ್ಟಿಗಳ ಒಂದು ಕಟ್ಟು ಹಾಗೆಯೇ ಇತ್ತು. ಅದನ್ನು ಬಿಟ್ಟು ಹೋಗುವುದು ಹೇಗೆ ಎಂದು ಅನಿಸಿತ್ತು ಅಷ್ಟೆ.

ಡಾಕ್ಟ್ರು ವಯಸ್ಸಾದವರು, ಮುಂಗೋಪಿ, ಆದರೆ ಕೆಟ್ಟವರಲ್ಲ. ಒಂದು ದಿನ ಹೇಳಿ ಕಳಿಸಿದರು. "ಬಾಟ್ಲಿ ತೊಳೆಯಲಿಕ್ಕೆ, ಗುಡಿಸಲಿಕ್ಕೆ ಜನ ಬೇಕು. ನೀನು ಎಂಟನೇ ಕ್ಲಾಸು ಕಲಿತವಳು, ನಿನಗೆ ಇದು ಹೇಳಬಾರದು. ಆದ್ರೆ ನನ್ನ ಕೈಯಲ್ಲಿ ಇರುವುದು ಇಷ್ಟೇ," ಎಂದರು. ನಾನು ಆಗಬಹುದು ಎಂದೆ. ಗಂಡ ನಡೆದ ದಾರಿಯಲ್ಲೇ ನಡೆದು ಹೋಗಬಹುದಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು.

ಆ ಹೊತ್ತಿಗೆ ಹೊಸ ಕಂಪೌಂಡರರು ಬಂದಾಗಿತ್ತು. ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಇದ್ದವರು. ಕೈ ಬಲು ಚುರುಕು. ಬಾಯಿ ಅದಕ್ಕಿಂತ ಚುರುಕು. ಕಿಟಿಕಿಯ ಹೊರಗೆ ಜನ ಸಾಲುಗಟ್ಟಿ ನಿಂತಿರುವಾಗ ಅವರಿಗೆ ಮಾತು ಬರುತ್ತಿತ್ತು. ಜನ ನಕ್ಕರೆ ಇನ್ನೂ ಬರುತ್ತಿತ್ತು. ನಾನು ಆ ಕೋಣೆಯ ಹಿಂಬಾಗಿಲಿನ ಹತ್ತಿರ, ಬಾವಿಕಟ್ಟೆಗೆ ಮುಖ ಮಾಡಿ ಕೂತು ಬಾಟ್ಲಿ ತೊಳೆಯುತ್ತಿದ್ದೆ. ನನ್ನ ಬೆನ್ನು ಅವರಿಗೆ ಕಾಣುತ್ತಿತ್ತು. ಅವರ ಮಾತು ನನಗೆ ಕೇಳುತ್ತಿತ್ತು.

ಊರಿನವರಿಗೆ ನನ್ನನ್ನು ಕರೆದು ರೂಢಿಯಾದ ಹೆಸರು ಒಂದೇ. ಮೊದಲ ವಾರದಲ್ಲೇ ಒಬ್ಬ ಮುದುಕ ಕಿಟಿಕಿಯಿಂದ ಕೂಗಿದ: "ಕಂಪೌಂಡ್ರ ಮನೆಯವರೇ, ನನ್ನ ಬಾಟ್ಲಿ ತೊಳೆದಾಯ್ತಾ?"

ಕಂಪೌಂಡರರು ಕೈಯಲ್ಲಿದ್ದ ಬಾಟ್ಲಿ ಕೆಳಗಿಟ್ಟರು. "ಯಾವ ಕಂಪೌಂಡ್ರ ಮನೆಯವರು? ನನ್ನ ಹೆಂಡತಿ ಪುತ್ತೂರಲ್ಲಿದ್ದಾಳೆ ಮಾರಾಯ್ರೆ. ಇವಳನ್ನು ನಾನು ಯಾವಾಗ ಕಟ್ಟಿಕೊಂಡದ್ದು? ಮದುವೆಗೆ ನನಗೂ ಒಂದು ಕಾಗದ ಹಾಕಬಹುದಿತ್ತಲ್ಲ!"

ಸಾಲಿನಲ್ಲಿ ಇದ್ದವರೆಲ್ಲ ನಕ್ಕರು. ಮುದುಕ ನಗಲಿಲ್ಲ. ಬಾವಿಯ ನೀರು ಅವತ್ತು ಎಷ್ಟು ತಣ್ಣಗಿತ್ತೆಂದು ನನಗೆ ಈಗಲೂ ನೆನಪಿದೆ. ಆಮೇಲೆ ಆ ತಮಾಷೆ ವಾರಕ್ಕೆ ಎರಡು ಮೂರು ಸಲ ಆಗುತ್ತಿತ್ತು. ಹೊಸಬರು ಯಾರಾದರೂ ಸಾಲಿನಲ್ಲಿದ್ದರೆ ಖಂಡಿತ. "ಏ, ಇಲ್ಲಿ ಬಾ", "ಕಣ್ಣು ಎಲ್ಲಿಟ್ಟಿದ್ದೀ", "ಅಮ್ಮಾವ್ರಿಗೆ ನಿದ್ರೆಯಾ", ಇವು ದಿನದ ಮಾತುಗಳು. ಡಾಕ್ಟ್ರು ಅವರನ್ನು ಬೈದ ದಿನ ನನಗೆ ಇಮ್ಮಡಿ.

ಅದನ್ನು ತಡೆದುಕೊಳ್ಳಲು ನಾನು ಕಂಡುಕೊಂಡ ಉಪಾಯ ಒಂದು ಲವಂಗ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಒಂದನ್ನು ಕೆನ್ನೆಯೊಳಗೆ ಇಟ್ಟುಕೊಳ್ಳುತ್ತಿದ್ದೆ. ಮಾತು ಬಂದಾಗ ಅದನ್ನು ಕಚ್ಚುತ್ತಿದ್ದೆ. ಖಾರ ಇಳಿಯುವಷ್ಟರಲ್ಲಿ ಉತ್ತರ ಕೊಡುವ ಹೊತ್ತು ದಾಟಿರುತ್ತಿತ್ತು. ಮೊದಲಾದರೆ ಹೊರಗೆ ಯಾರು ಏನಂದರೂ ಸಂಜೆ ಮನೆಗೆ ಬಂದು ಗಂಡನಿಗೆ ಹೇಳುತ್ತಿದ್ದೆ. ಅವರು ಹೆಚ್ಚು ಏನೂ ಹೇಳುತ್ತಿರಲಿಲ್ಲ, "ಹೌದಾ? ಹಾಗೆ ಅಂದ್ನಾ?" ಅಷ್ಟೇ. ಅಷ್ಟಕ್ಕೇ ಆ ಮಾತು ನನ್ನಿಂದ ಇಳಿದು ಹೋಗುತ್ತಿತ್ತು. ಈಗ ಎಲ್ಲವೂ ನನ್ನಲ್ಲೇ ಉಳಿಯುತ್ತಿತ್ತು.

ಕಂಪೌಂಡರರ ಒಂದು ಕಟ್ಟಳೆ ನನಗೆ ಬೈಗುಳಕ್ಕಿಂತ ಹೆಚ್ಚು ಕಷ್ಟವಾಯಿತು. ತೊಳೆಯಲು ಬಂದ ಬಾಟ್ಲಿಯ ಮೇಲೆ ಹಳೆಯ ಪಟ್ಟಿ ಒಂದೂ ಕಾಣಬಾರದು. ಅದು ನ್ಯಾಯವೇ. ಮದ್ದು ಬದಲಾದರೆ ಅಳತೆಯೂ ಬದಲಾಗುತ್ತದೆ. ಆದರೆ ಊರಿನ ಬಾಟ್ಲಿಗಳೆಲ್ಲ ತಿರುಗಿ ತಿರುಗಿ ಅಲ್ಲಿಗೇ ಬರುವಂಥವು. ಒಂದೊಂದರ ಮೇಲೂ ನಾನು ಕತ್ತರಿಸಿದ ಪಟ್ಟಿ, ಅದರ ಮೇಲೆ ನನ್ನ ಗಂಡ ಬರೆದ ಅಂಕೆ. ಅವರ ನಾಲ್ಕು ಯಾವಾಗಲೂ ಸ್ವಲ್ಪ ಬಲಕ್ಕೆ ವಾಲಿರುತ್ತಿತ್ತು. ಬಾಲ್ದಿಯ ನೀರಿನಲ್ಲಿ ನೆನೆಹಾಕಿ, ಉಗುರಿನಿಂದ ಕೆರೆದು ಒಂದೊಂದನ್ನೇ ತೆಗೆದೆ. ಕೆಲವು ತಿಂಗಳಲ್ಲಿ ಎಲ್ಲ ಮುಗಿಯಿತು.

ಒಂದು ಮಾತ್ರ ಉಳಿದಿತ್ತು. ಅದು ಕುಂಜತ್ತೂರಿನ ಬಾಯಮ್ಮನ ನೀಲಿ ಬಾಟ್ಲಿ. ಅವರು ಕೊಂಕಣಿ ಮಾತಾಡುವ ಕ್ರಿಸ್ತಾನರು. ಅವರ ಗಂಡ ಬೊಂಬಾಯಿಯಲ್ಲಿ ಹಡಗಿನ ಅಡಿಗೆಯವರಾಗಿದ್ದಾಗ ತಂದ ಬಾಟ್ಲಿ ಅದು. ಬುಡ ಮೂರು ಬೆರಳಿನಷ್ಟು ಸಪೂರ, ಹೆಗಲ ಹತ್ತಿರ ಅಂಗೈಯಷ್ಟು ಅಗಲ. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಬಾಯಮ್ಮ ಬೇರೆ ಬಾಟ್ಲಿ ತರುತ್ತಿರಲಿಲ್ಲ. ಅವರಿಗೆ ಕಾಲು ಬಾತು ಏದುಸಿರು ಬರುವ ಹೃದಯದ ಕಾಯಿಲೆ. ವಾರಕ್ಕೊಮ್ಮೆ ಅದೇ ಮದ್ದು, ಅದೇ ಅಳತೆ. ಅದಕ್ಕೇ ನನ್ನ ಗಂಡ ಆ ಪಟ್ಟಿಯ ಮೇಲೆ ಮೇಣದಬತ್ತಿ ಉಜ್ಜಿ, ನೀರು ತಾಗದ ಹಾಗೆ ಮಾಡಿಟ್ಟಿದ್ದರು. "ಈ ಮದ್ದು ಹೆಚ್ಚಾಗಬಾರದು," ಎಂದು ನನಗೂ ಹೇಳಿದ್ದರು. "ಮೊದಲು ಊಟ ಸೇರುವುದಿಲ್ಲ, ಆಮೇಲೆ ವಾಂತಿ. ಅಲ್ಲಿಗೆ ನಿಲ್ಲಿಸದಿದ್ದರೆ ನಾಡಿಯೇ ನಿಧಾನವಾಗಿ ಜೀವಕ್ಕೇ ಅಪಾಯ."

ಆ ಬಾಟ್ಲಿಯ ಒಳಗನ್ನು ಮಾತ್ರ ತೊಳೆದು, ಪಟ್ಟಿಯ ಬದಿಯನ್ನು ಗೋಡೆಗೆ ತಿರುಗಿಸಿ ಇಡುತ್ತಿದ್ದೆ. ಅಳತೆಗಾಗಿ ಉಳಿಸಿದೆನೋ, ಅದು ಕೊನೆಯದ್ದೆಂದು ಉಳಿಸಿದೆನೋ, ಕೇಳಿದರೆ ಎರಡೂ ಹೌದು.

ಒಂದು ಶನಿವಾರ ಅದು ಕಂಪೌಂಡರರ ಕಣ್ಣಿಗೆ ಬಿತ್ತು. ಅವತ್ತು ಬೆಳಿಗ್ಗೆ ಡಾಕ್ಟ್ರು ಅವರನ್ನು ಏನಕ್ಕೋ ಬೈದಿದ್ದರು. ಬಾಟ್ಲಿಯನ್ನು ಎತ್ತಿ ಕಿಟಿಕಿಯ ಬೆಳಕಿಗೆ ಹಿಡಿದರು.

"ಇದೆಂತ? ಇಲ್ಲಿ ಇನ್ನೂ ಹಳೇ ಕಂಪೌಂಡ್ರದ್ದೇ ರಾಜ್ಯವಾ?" ಎಂದರು. ಆಮೇಲೆ ಸಾಲಿನವರ ಕಡೆ ತಿರುಗಿ, "ಕಚ್ಚು ನೋಡಿ ಮಾರಾಯ್ರೆ, ಇಲಿ ಕಡಿದ ಹಾಗೆ ಉಂಟು! ಒಂದು ಇಲ್ಲಿ, ಒಂದು ಅಲ್ಲಿ. ಅಳತೆ ಗೊತ್ತಿಲ್ಲದವರು ಕಂಪೌಂಡ್ರಾದ್ರೆ ಹೀಗೇ ಆಗುವುದು."

ನಾನು ಎದ್ದು ನಿಂತೆ. "ಅದು, ಬಾಟ್ಲಿ..." ಎಂದೆ.

"ಬಾಟ್ಲಿಯ ಪುರಾಣ ನನಗೆ ಬೇಡ. ತೊಳೆಯುವುದು ನಿನ್ನ ಕೆಲಸ, ಅಳೆಯುವುದು ನನ್ನದು. ಕೂತ್ಕೋ."

ಜನ ನಕ್ಕರು. ನಾನು ಲವಂಗ ಕಚ್ಚಿ ಕೂತೆ. ಹಿಂದಿನಿಂದ ಚಾಕು ಗಾಜಿನ ಮೇಲೆ ಕೆರೆಯುವ ಶಬ್ದ ಕೇಳಿಸಿತು. ಮೇಣ ಹಿಡಿದ ಕಾಗದ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಅವರು ಡಬ್ಬದಿಂದ ಒಂದು ಸಮ ಪಟ್ಟಿ ತೆಗೆದು ಅಂಟಿಸಿದರು. ಮದ್ದು ತುಂಬಿಸಿ ಕಿಟಿಕಿಯಿಂದ ಕೊಟ್ಟರು.

ನಾನು ನೆಲದ ಚೂರುಗಳನ್ನು ಗುಡಿಸುವ ನೆಪದಲ್ಲಿ ಸೆರಗಿನ ತುದಿಗೆ ಕಟ್ಟಿಕೊಂಡು ಹೊರಗೆ ಬಂದೆ. ಬೆಂಚಿನಲ್ಲಿ ಬಾಯಮ್ಮ ಕೂತಿದ್ದರು. ಬಾಟ್ಲಿಯನ್ನು ನನ್ನೆದುರು ಹಿಡಿದು, "ಮಗಾ, ಪಟ್ಟಿ ಬದಲಾಯ್ತಲ್ಲ. ಇದು ಸರಿ ಉಂಟಾ?" ಎಂದು ಕೇಳಿದರು.

ಒಂದೇ ಮಾತು ಸಾಕಿತ್ತು, ಇಲ್ಲ ಎಂದು. ಕಿಟಿಕಿ ನಾಲ್ಕು ಮಾರು ದೂರ ಇತ್ತು. ಕಂಪೌಂಡರರು ಕೇಳಿಸಿಕೊಂಡಾರು, ಮತ್ತೆ ಎಲ್ಲರೆದುರು ಬಾಯಿ ಬಿಟ್ಟಾರು, ಕೆಲಸದಿಂದ ತೆಗೆಸಿಯಾರು ಎಂದು ನನಗೆ ಅನಿಸಿತು.

"ನನ್ನನ್ನೆಂತ ಕೇಳುವುದು?" ಎಂದೆ. "ಕಂಪೌಂಡ್ರು ಹಾಕಿದ್ದಲ್ವಾ? ಬೇರೆ ಬಾಟ್ಲಿ ತರ್ಲಿಕ್ಕೆ ಆಗುವುದಿಲ್ವಾ ನಿಮಗೆ? ಹೋಗಿ, ಹೋಗಿ."

ಅದು ಕಂಪೌಂಡರರದ್ದೇ ದನಿ. ನನ್ನ ಬಾಯಿಂದ ಬಂತು. ಬಾಯಮ್ಮ ಒಂದು ಗಳಿಗೆ ನನ್ನ ಮುಖ ನೋಡಿದರು. "ಆಯ್ತು ಮಗಾ," ಎಂದು ಬಾಟ್ಲಿಯನ್ನು ಚೀಲದೊಳಗೆ ಇಟ್ಟು, ಕೊಡೆ ಊರಿಕೊಂಡು ಮೆಟ್ಟಿಲಿಳಿದರು.

ಅವತ್ತು ಸಂಜೆ ಅಕ್ಕಿ ಅಳೆಯುವಾಗ ಇಬ್ಬರ ಲೆಕ್ಕದಲ್ಲಿ ಎರಡು ಸೇರೆ ಹಾಕಿದ್ದೆ. ಅದು ಆಗಾಗ ಆಗುತ್ತಿತ್ತು, ಕೈ ಮರೆಯುತ್ತಿರಲಿಲ್ಲ. ಒಂದು ಸೇರೆ ತಿರುಗಿ ತೆಗೆದು ಮಡಕೆಗೆ ಹಾಕುವಾಗ, ಬಾಯಮ್ಮ ಈಗ ಮೊದಲ ಕಚ್ಚಿನವರೆಗೆ ಕುಡಿದಿರಬಹುದು ಎಂದು ಹೊಳೆಯಿತು. ಮೇಲಿನ ಕಚ್ಚು. ಅಗಲದ ಜಾಗ. ಗಂಡನ ಔನ್ಸ್ ಗ್ಲಾಸು ಗೋಡೆಯ ಗೂಡಿನಲ್ಲಿತ್ತು. ಅವರು ಹೋದ ಮೇಲೆ ನಾನು ಅದನ್ನು ಒರೆಸುತ್ತಿದ್ದೆನೇ ಹೊರತು ಉಪಯೋಗಿಸಿರಲಿಲ್ಲ. ಅವರಿದ್ದರೆ ಏನು ಹೇಳುತ್ತಿದ್ದರು? "ಹೌದಾ? ನೀನು ಹಾಗೆ ಅಂದ್ಯಾ?" ಎನ್ನುತ್ತಿದ್ದರು. ನನ್ನ ಮೇಲೆಯೇ ಆ ಮಾತು ಬಂದದ್ದು ಅದೇ ಮೊದಲು.

ಭಾನುವಾರ ಬೆಳಗಾದ ಕೂಡಲೇ ಗ್ಲಾಸನ್ನು ಕರವಸ್ತ್ರದಲ್ಲಿ ಸುತ್ತಿ, ಕಾಗದ, ಪೆನ್ಸಿಲು, ಕತ್ತರಿ, ಬಾಳೆಲೆಯಲ್ಲಿ ಒಂದಿಷ್ಟು ಅಂಟು ಕಟ್ಟಿಕೊಂಡು ಹೊರಟೆ. ಬಸ್ಸಿಗೆ ಕಾಯಲಿಲ್ಲ. ಮಂಜೇಶ್ವರ ದಾಟಿ ಕುಂಜತ್ತೂರು ಮುಟ್ಟುವಾಗ ಬಿಸಿಲು ಏರಿತ್ತು. ಇಗರ್ಜಿಯಿಂದ ಜನ ತಿರುಗಿ ಬರುತ್ತಿದ್ದರು. ಅವರಲ್ಲಿ ಬಾಯಮ್ಮ ಇರಲಿಲ್ಲ.

ಅವರು ಮನೆಯ ಚಾವಡಿಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಪಕ್ಕದಲ್ಲಿ ಒಂದು ಬೋಗುಣಿ.

"ಯಾರು? ನೀನಾ?" ಎಂದರು. "ಬೆಳಿಗ್ಗಿನಿಂದ ಎರಡು ಸಲ ವಾಂತಿ ಮಗಾ. ಪೂಜೆಗೂ ಹೋಗ್ಲಿಲ್ಲ."

ನಾನು ಚಾಪೆಯ ಹತ್ತಿರ ಕೂತೆ. "ಪಟ್ಟಿ ಸರಿ ಇರಲಿಲ್ಲ ಬಾಯಮ್ಮ. ನನಗೆ ಗೊತ್ತಿತ್ತು," ಎಂದೆ.

"ಗೊತ್ತಿತ್ತು ಅಂತ ನನಗೂ ಗೊತ್ತಾಯ್ತು."

"ಹೇಗೆ?"

"ನೀನು ಹಾಗೆ ಮಾತಾಡುವವಳಾ? ಕಂಪೌಂಡ್ರು ಇರುವಾಗ ನಿಮ್ಮ ಜಗಲಿಯಲ್ಲಿ ಕೂತು ನೀರು ಕುಡಿದು ಹೋದವಳು ನಾನು. ನಿನ್ನೆ ರಾತ್ರಿಯದ್ದು ಪೂರ ಕುಡಿದೆ. ಮತ್ತೆ ಮಲಗಿ ಯೋಚನೆ ಮಾಡಿದೆ, ಈ ಹುಡುಗಿ ಯಾಕೆ ಹಾಗೆ ಹಾರಿ ಬಿದ್ದಳು, ಎಂತದ್ದೋ ಉಂಟು ಅಂತ. ಬೆಳಿಗ್ಗೆ ಮುಟ್ಟಲೇ ಇಲ್ಲ. ಇದ್ದದ್ದೇ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಇನ್ನು ಅದನ್ನು ಬೇರೆ ಕುಡಿಯುವುದಾ?"

ನನಗೆ ಅಳು ಬಂತು. ಗಂಡ ಹೋದ ಮೇಲೆ ಇನ್ನೊಬ್ಬರ ಎದುರು ಅತ್ತದ್ದು ಅದೊಂದೇ ಸಲ. ಬಾಯಮ್ಮ ನನ್ನನ್ನು ಸುಮ್ಮನಿರು ಎನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಒಲೆಯಲ್ಲಿ ಕೆಂಡ ಉಂಟು, ನನಗೆ ಒಂದು ತೆಳ್ಳನೆ ಗಂಜಿ ಮಾಡಿಕೊಡ್ತೀಯಾ?" ಎಂದರು.

ಗಂಜಿ ಬೇಯುವಾಗ ನಾನು ಮದ್ದನ್ನು ಬೇರೆ ಪಾತ್ರೆಗೆ ಸುರಿದು, ಹೊಸ ಪಟ್ಟಿಯನ್ನು ನೆನೆಸಿ ತೆಗೆದೆ. ಔನ್ಸ್ ಗ್ಲಾಸಿನಿಂದ ನೀರು ಹಾಕಿದೆ, ಗೆರೆ ಎಳೆದೆ. ಮತ್ತೆ ಹಾಕಿದೆ, ಮತ್ತೆ ಎಳೆದೆ. ಎರಡು ಸಲ ಮೊದಲಿನಿಂದ ಶುರು ಮಾಡಬೇಕಾಯಿತು. ಸೆರಗಿನಲ್ಲಿದ್ದ ಚೂರುಗಳಲ್ಲಿ ಒಂದು ಮಾತ್ರ ಸ್ವಲ್ಪ ದೊಡ್ಡದು, ಎರಡು ಕಚ್ಚು ಉಳಿದದ್ದು. ಅದನ್ನು ಬಿಡಿಸಿ ನನ್ನ ಗೆರೆಗಳ ಪಕ್ಕ ಹಿಡಿದೆ. ಕೂದಲಿನಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಕಚ್ಚು ಹಾಕಿ, ಪಟ್ಟಿ ಅಂಟಿಸಿ, ಮದ್ದನ್ನು ತಿರುಗಿ ತುಂಬಿಸಿದೆ. ಗಂಡನಿಲ್ಲದೆ ನಾನು ಹಾಕಿದ ಮೊದಲ ಅಳತೆ ಅದು.

"ಡಾಕ್ಟ್ರು ಹೇಳುವವರೆಗೆ ಇದನ್ನು ಕುಡಿಯಬೇಡಿ," ಎಂದು ಹೇಳಿ ಎದ್ದೆ. ಹಾಗಾದರೆ ಡಾಕ್ಟ್ರಿಗೆ ನಾಳೆ ನಾನೇ ಹೇಳಬೇಕು. ದಾರಿಯಲ್ಲಿ ಬರುವಾಗ ಅದೊಂದೇ ಯೋಚನೆ. ಆ ಕೆಲಸ ಹೋದರೆ ನನಗೆ ಉಳಿಯುವುದು ಪೈವಳಿಕೆಯ ಅಣ್ಣನ ಮನೆಯ ಒಂದು ಮೂಲೆ. ಹೇಳದಿದ್ದರೆ ಬಾಯಮ್ಮ ಮದ್ದಿಲ್ಲದೆ ಎಷ್ಟು ದಿನ?

ಸೋಮವಾರ ಮೆಟ್ಟಿಲು ಹತ್ತುವಾಗ ಲವಂಗ ಇಟ್ಟುಕೊಳ್ಳಲಿಲ್ಲ. ಡಾಕ್ಟ್ರು ಕುರ್ಚಿಯಲ್ಲಿ ಕೂತದ್ದನ್ನು ನೋಡಿ ಒಳಗೆ ಹೋದೆ. ಬಾಯಮ್ಮನ ವಾಂತಿಯ ವಿಷಯ ಹೇಳಿದೆ, ಬಾಟ್ಲಿಯ ವಿಷಯ ಹೇಳಿದೆ. ಮದ್ದಿನ ಚೀಟಿ ತೆಗೆದುಕೊಳ್ಳಲು ಬಂದ ಕಂಪೌಂಡರರು ಬಾಗಿಲಲ್ಲಿ ನಿಂತುಬಿಟ್ಟರು.

"ಪಟ್ಟಿ ಹಾಕಿದ್ದು ಯಾರು?" ಎಂದು ಡಾಕ್ಟ್ರು ಕೇಳಿದರು.

ನಾನು ಕಂಪೌಂಡರರ ಮುಖ ನೋಡಿದೆ. ಅಷ್ಟು ತಿಂಗಳಲ್ಲಿ ನೆಟ್ಟಗೆ ನೋಡಿದ್ದು ಅದೇ ಮೊದಲು. ಹೆದರಿದ ಮುಖ. ವಯಸ್ಸಿನಲ್ಲಿ ನನ್ನ ಗಂಡನಿಗಿಂತ ಸಣ್ಣವರು.

"ಪಟ್ಟಿ ಅವರು ಹಾಕಿದ್ದು," ಎಂದೆ. "ಆದ್ರೆ ಅದು ಆ ಬಾಟ್ಲಿಗೆ ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಬಾಯಮ್ಮ ಕೇಳಿದ್ರೂ ಹೇಳಲಿಲ್ಲ."

ಡಾಕ್ಟ್ರು ಕಂಪೌಂಡರರ ಮೇಲೆ ಎರಗಿದರು. "ನೀನೆಂಥ ಮನುಷ್ಯನಯ್ಯಾ? ಅಡಿಗೆ ಭಟ್ಟನಿಗೂ ಪಾತ್ರೆ ನೋಡಿ ಉಪ್ಪು ಹಾಕ್ಲಿಕ್ಕೆ ಗೊತ್ತಿರ್ತದೆ!" ಹೊರಗೆ ಸಾಲಿನಲ್ಲಿದ್ದವರು ನಕ್ಕರು. ಅದೇ ಜನ, ಅದೇ ನಗು. ಒಂದು ಗಳಿಗೆ ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕಂಪೌಂಡರರ ಕಿವಿ ಕೆಂಪಾದದ್ದು ಕಂಡಿತು. ನನ್ನ ಕಿವಿಯೂ ಬಾವಿಕಟ್ಟೆಯ ಹತ್ತಿರ ಹಾಗೆಯೇ ಸುಡುತ್ತಿತ್ತಲ್ಲ ಎಂದು ಅನಿಸಿ ಕೆಳಗೆ ನೋಡಿದೆ. ಡಾಕ್ಟ್ರು ನಾಲ್ಕು ದಿನ ಮದ್ದು ನಿಲ್ಲಿಸಲು ಹೇಳಿ, ತಾವೇ ಕುಂಜತ್ತೂರಿಗೆ ಹೋಗಿ ನೋಡಿ ಬರುತ್ತೇನೆ ಎಂದರು. ನನ್ನ ಕಡೆ ತಿರುಗಿ, "ಗೊತ್ತಿದ್ದೂ ಹೇಳದವಳು ನೀನು. ಇನ್ನೊಂದು ಸಲ ಹಾಗೆ ಮಾಡಿದ್ರೆ ಇಲ್ಲಿ ಇರಬೇಡ," ಎಂದರು. ಅದು ನನಗೆ ಸಲ್ಲಬೇಕಾದ ಮಾತೇ.

ಮದ್ದಿನ ಕೋಣೆಗೆ ಬಂದ ಮೇಲೆ ಕಂಪೌಂಡರರು ಮೆಲ್ಲಗೆ ಕೇಳಿದರು: "ಸಮಾಧಾನ ಆಯ್ತಾ ಈಗ?"

"ಇಲ್ಲ," ಎಂದೆ. "ಶನಿವಾರ ಹೇಳಲಿಕ್ಕೆ ಎದ್ದಿದ್ದೆ. ನೀವು ಕೂರಿಸಿದ್ರಿ."

ಅವರು ಮದ್ದಿನ ಚೀಟಿಗಳ ಕಡೆ ತಿರುಗಿದರು. ನಾನು ಬಾವಿಕಟ್ಟೆಗೆ ಹೋಗಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಯಾರೋ ಕುಂಬಳಕಾಯಿಯಂತೆ ಹೊಟ್ಟೆ ಉಬ್ಬಿದ ಒಂದು ಶರಬತ್ತಿನ ಬಾಟ್ಲಿ ತಂದರು. ಕಂಪೌಂಡರರು ಅದನ್ನು ತಿರುಗಿಸಿ ನೋಡಿದರು. ಆಮೇಲೆ ಒಂದು ಹಾಳೆ ಕಾಗದದ ಜೊತೆಗೆ ನನ್ನ ಪಕ್ಕದ ಹಲಗೆಯ ಮೇಲೆ ಕುಕ್ಕಿ ಇಟ್ಟರು. "ಬೇಗ ಆಗ್ಲಿ. ಜನ ಕಾಯ್ತಾ ಇದ್ದಾರೆ. ನಿದ್ರೆ ಮಾಡ್ಬೇಡ."

ಅವರ ಬಾಯಿ ಆ ಮೇಲೆಯೂ ಹಾಗೆಯೇ ಇತ್ತು. ಕ್ಷಮೆ ಕೇಳಲಿಲ್ಲ, ನಾನೂ ಎದುರು ನೋಡಲಿಲ್ಲ. ಮದುವೆಯ ತಮಾಷೆಯನ್ನು ಮಾತ್ರ ಮತ್ತೆ ಮಾಡಲಿಲ್ಲ. ವಾಲಿದ, ಉಬ್ಬಿದ, ಸಪೂರದ ಬಾಟ್ಲಿಗಳು ನನ್ನ ಹಲಗೆಗೆ ಬರುತ್ತಿದ್ದವು. ಬಾಯಮ್ಮ ಮೂರನೇ ವಾರ ನೀಲಿ ಬಾಟ್ಲಿ ಹಿಡಿದುಕೊಂಡು ನಡೆದೇ ಬಂದರು. ಬೆಂಚಿನಲ್ಲಿ ಕೂತು, "ಇವತ್ತು ಬೈಯುವುದಿಲ್ವಾ?" ಎಂದು ಕೇಳಿ ನಕ್ಕರು. ಅವರೂ ಈಗ ಇಲ್ಲ. ನಮ್ಮ ತಾಲೂಕು ಕೇರಳಕ್ಕೆ ಸೇರಿ ಆಸ್ಪತ್ರೆಗೆ ಹೊಸ ರಿಜಿಸ್ಟರುಗಳು ಬಂದಿವೆ, ಮಾತ್ರೆಗಳು ಬಂದಿವೆ. ಬಾಟ್ಲಿ ಹಿಡಿದು ಬರುವವರು ಕಡಿಮೆಯಾಗಿದ್ದಾರೆ.

ಆ ಸೋಮವಾರ ಸಂಜೆ ಮನೆಗೆ ಬೇಗ ಬೇಗ ನಡೆದು ಬಂದದ್ದು ನೆನಪಿದೆ. ಹೇಳಲಿಕ್ಕೆ ಇತ್ತು. ಕುಂಜತ್ತೂರಿಗೆ ಹೋದದ್ದು, ಎರಡು ಕಚ್ಚು ಸರಿ ಹೊಂದಿದ್ದು, ಡಾಕ್ಟ್ರ ಎದುರು ನಿಂತದ್ದು, ಎಲ್ಲ ಬಾಯಿತುದಿಯಲ್ಲಿತ್ತು. ಚಿಲಕ ತೆಗೆದು ಒಳಗೆ ಕಾಲಿಟ್ಟ ಮೇಲೆಯೇ, ಕೇಳುವವರು ಯಾರೂ ಇಲ್ಲವೆಂದು ನೆನಪಾದದ್ದು. ಚೀಲ ಹಿಡಿದುಕೊಂಡೇ ಸ್ವಲ್ಪ ಹೊತ್ತು ಹೊಸ್ತಿಲ ಹತ್ತಿರ ನಿಂತಿದ್ದೆ.

ಆಮೇಲೆ ಔನ್ಸ್ ಗ್ಲಾಸನ್ನು ತೊಳೆದೆ. ಗೂಡಿನಲ್ಲಿ ಅದು ಇದ್ದ ಜಾಗದಲ್ಲಿ ದುಂಡಗೆ ಧೂಳಿನ ಗುರುತಿತ್ತು. ಆ ಗುರುತನ್ನು ಒರೆಸಿದೆ. ಗ್ಲಾಸಿಗೆ ಕರವಸ್ತ್ರ ಸುತ್ತಿ, ನಾಳೆ ಒಯ್ಯಲಿಕ್ಕೆಂದು ಚೀಲದಲ್ಲಿ ಇಟ್ಟೆ.